ಹಳೆಯ ಮೋಟಾರುಗಾಡಿಯೂ ತುಕ್ಕಿನ ರಸಾಯನವೂ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಲ್ಲರೂ ಬಲ್ಲ ಸಂಗತಿ. ದಿನವೂ ಹೊಲವನ್ನು ಉಳುವ ನೇಗಿಲಿನ ಕುಳ ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಅದನ್ನೇ ಮಳೆಗಾಲದಲ್ಲಿ ಹಿತ್ತಲಿನ ಮೂಲೆಗೆ ಒರಗಿಸಿಟ್ಟರೆ ಕೆಲವೇ ದಿನಗಳಲ್ಲಿ ಕೆಂಪೇರುತ್ತದೆ. ಆದರೆ ತುಕ್ಕು ಲೋಹವನ್ನು ತಿನ್ನುವುದು ಎಲ್ಲಿ ಎಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಅನೇಕರು ಕೆಂಪಾಗಿ ಕಾಣುವ ಕಡೆಗೇ ಬೆರಳು ತೋರಿಸುವೆವು. ಈ ಉತ್ತರದಲ್ಲಿರುವುದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ಕಲಿಸಲು ಹಳೆಯ ಮೋಟಾರುಗಾಡಿಯ ಒಡಲಿಗಿಂತ ಒಳ್ಳೆಯ ಗುರುವಿಲ್ಲ.

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ತೆಗೆದುಕೊಳ್ಳೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ಹರಿಯುತ್ತ ಈ ಸೀಮೆಗೆ ನೀರೂಡಿಸುತ್ತಾಳೆ. ಪಡುವಣದ ಕಿತ್ತೂರಿಗೆ ಮಲೆನಾಡಿನ ಸೆರಗಿನ ಮಳೆ ಬೀಳುತ್ತದೆ. ರಾಮದುರ್ಗವನ್ನು ಮುಟ್ಟುವಷ್ಟರಲ್ಲಿ ಅದು ಬಹಳ ತೆಳುವಾಗಿರುತ್ತದೆ. ಹಾಗಾದರೆ ಕಿತ್ತೂರಿನ ಗಾಡಿಗೆ ಮಾತ್ರ ತುಕ್ಕಿನ ಭಯ, ರಾಮದುರ್ಗದ ಗಾಡಿ ನಿಶ್ಚಿಂತ ಎನ್ನಬಹುದೆ? ಎನ್ನಲಾಗದು. ಈ ಭಾಗದ ಎರೆಮಣ್ಣು ನೀರನ್ನು ಹೀರಿ ಬಹುಕಾಲ ಹಿಡಿದಿಡುತ್ತದೆ. ಗಾಲಿಗಳು ಚಿಮ್ಮಿಸಿದ ಎರೆ ಮಡ್‌ಗಾರ್ಡಿನ ಒಳಮಡಿಕೆಗಳಲ್ಲಿ ಮೆತ್ತಿಕೊಂಡರೆ, ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ತೇವ ಆರುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಂತಹ ನೆರೆಯಲ್ಲಿ ಸಿಕ್ಕಿದ ವಾಹನದ ಪೊಳ್ಳುಗಳಲ್ಲಿ ಸೇರುವ ರಾಡಿಯ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಈಗ ಗಾಡಿಯ ರಚನೆಯನ್ನು ನೋಡೋಣ. ನಮ್ಮ ದೇಶದ ಹಳೆಯ ಕಾರುಗಳಲ್ಲಿ ಅಂಬಾಸಿಡರಿನದು ಎಲ್ಲರಿಗೂ ಪರಿಚಿತವಾದ ಹೆಸರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ ೨೦೧೪ರಲ್ಲಿ ನಿಂತಿತು. ಜೀಪು, ಲಾರಿಗಳಲ್ಲಿರುವಂತೆ ಇದರಲ್ಲಿ ಪ್ರತ್ಯೇಕವಾದ ಚಾಸಿಯಿಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ಉಕ್ಕಿನ ತಗಡುಗಳನ್ನು ಮಡಿಸಿ, ಬೆಸೆದು ಮಾಡಿದ ಒಡಲೇ ಇಲ್ಲಿ ಎಲುಬುಗೂಡೂ ಹೌದು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ತೊಲೆಗಳು ಕಾರಿನ ಭಾರವನ್ನು ಹೊರುತ್ತವೆ. ಆದುದರಿಂದ ಇಲ್ಲಿಯ ತುಕ್ಕು ಅಂದಚೆಂದದ ಪ್ರಶ್ನೆಯಲ್ಲ. ಒಳಗೆ ಕುಳಿತವರ ಪ್ರಾಣದ ಪ್ರಶ್ನೆ.

ತುಕ್ಕಿನ ಗುಟ್ಟನ್ನು ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿಕೊಟ್ಟರು. ಇದನ್ನು ವಿದ್ಯಾರ್ಥಿಗಳು ಉಪಾಧ್ಯಾಯರ ಸಮ್ಮುಖದಲ್ಲಿ ಪ್ರಯೋಗಶಾಲೆಯಲ್ಲಿ ಮಾಡಿ ನೋಡಬಹುದು. ತೆಳುವಾದ ಉಪ್ಪುನೀರಿಗೆ ಸ್ವಲ್ಪ ಫೆನಾಲ್ಫ್ತಲೀನನ್ನೂ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಬೆರೆಸಿ, ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ದೊಡ್ಡ ಹನಿಯನ್ನಿಡಬೇಕು. ಕೊಂಚ ಹೊತ್ತಿನಲ್ಲಿ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ ಬಣ್ಣ ಮೂಡುತ್ತದೆ. ಬರಬರುತ್ತ ಇವೆರಡರ ನಡುವೆ ಕಂದು ಬಣ್ಣದ ಉಂಗುರವೊಂದು ಕಾಣಿಸಿಕೊಳ್ಳುತ್ತದೆ. ಅದೇ ತುಕ್ಕು.

ಇದರ ಅರ್ಥವೇನು? ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲಪುತ್ತದೆ. ನಡುವಿಗೆ ತಲಪುವುದು ಕಷ್ಟ. ಈ ವ್ಯತ್ಯಾಸದಿಂದಲೇ ಹನಿಯೊಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ನಡುವಿನ ಕಬ್ಬಿಣ ಆನೋಡಾಗುತ್ತದೆ. ಅಲ್ಲಿಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ಲೋಹದಲ್ಲಿಯೇ ಬಿಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ನೀಲಿ ಬಣ್ಣ ಅದರ ಕುರುಹು. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು, ಅಲ್ಲಿ ಆಮ್ಲಜನಕವನ್ನೂ ನೀರನ್ನೂ ಕೂಡಿ ಕ್ಷಾರವನ್ನು ಉಂಟುಮಾಡುತ್ತವೆ. ಗುಲಾಬಿ ಬಣ್ಣ ಅದರ ಕುರುಹು. ಎರಡೂ ಕಡೆಯ ಅಯಾನುಗಳು ಸಂಧಿಸುವೆಡೆಯಲ್ಲಿ ತುಕ್ಕು ಕಟ್ಟುತ್ತದೆ. ಎಂದರೆ, ಲೋಹ ಸವೆಯುವುದು ಒಂದೆಡೆ, ತುಕ್ಕು ಕಾಣುವುದು ಮತ್ತೊಂದೆಡೆ! ಗಾಳಿ ಕಡಿಮೆಯಾದ ಮರೆಯ ಜಾಗವೇ ಹೆಚ್ಚಾಗಿ ಸವೆಯುತ್ತದೆ.

ಕಾರಿನ ಒಡಲಿಗೆ ಇದನ್ನು ಅನ್ವಯಿಸಿ ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಎರೆ ಮೆತ್ತಿದ ಮಡಿಕೆ, ಎರಡು ತಗಡುಗಳ ನಡುವಿನ ಸಂದು, ಕಟ್ಟಿಹೋದ ನೀರ್ಗಂಡಿಯ ಹಿಂದಿನ ಪೊಳ್ಳು, ಇವೆಲ್ಲವೂ ಇವಾನ್ಸರ ಹನಿಯ ನಡುಭಾಗಗಳೇ. ಡಿಕ್ಕಿಯಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ಸೋರಿದ್ದರಂತೂ ಆ ಲವಣ ತೇವದ ವಿದ್ಯುದ್ವಾಹಕ ಶಕ್ತಿಯನ್ನು ಹೆಚ್ಚಿಸಿ ಕೇಡನ್ನು ತ್ವರೆಗೊಳಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುವುದರಿಂದ ಹೊರಗಿನ ಬಣ್ಣ ಗುಳ್ಳೆಯೇಳುತ್ತದೆ. ನಮ್ಮ ಕಣ್ಣಿಗೆ ಗುಳ್ಳೆ ಬೀಳುವ ವೇಳೆಗೆ ಒಳಗಿನ ತಗಡು ಜಾಲರಿಯಾಗಿರಬಹುದು. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ.

ಆದುದರಿಂದ ದುರಸ್ತಿಯ ಮೊದಲ ಕೆಲಸ ಬಣ್ಣವಲ್ಲ, ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ಖಣಿಲೆನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಮಣ್ಣನ್ನೆಲ್ಲ ಕೆರೆದು ತೊಳೆದು, ನೀರ್ಗಂಡಿಗಳನ್ನು ತಂತಿಯಿಂದ ಬಿಡಿಸಿ, ಒಡಲನ್ನು ಪೂರ್ತಿ ಒಣಗಿಸಬೇಕು. ಬಳಿಕ ತಂತಿಬುರುಸಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಹಳೆಯ ಬಣ್ಣದಲ್ಲಿ ವಿಷಕರವಾದ ಸೀಸವಿರುವ ಸಂಭವವುಂಟು. ಆದಕಾರಣ ಅದನ್ನು ಒದ್ದೆ ಮಾಡಿ ಉಜ್ಜುವುದೂ ಮೂಗುಬಾಯಿಗಳಿಗೆ ಮುಸುಕು ಧರಿಸುವುದೂ ಅವಶ್ಯ. ಕೆಲಸ ಮುಗಿದ ಮೇಲೆ ಮತ್ತೆ ಒಣಗಿಸಬೇಕು.

ತೂತುಬಿದ್ದ ತಗಡನ್ನು ಉಳಿಸುವ ಮದ್ದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಇದು ನುರಿತ ಕಮ್ಮಿಯ ಕೆಲಸ. ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಪೆಟ್ರೋಲಿನ ಟಾಂಕಿಯನ್ನು ದೂರವಿರಿಸದೆ ಬೆಸುಗೆಗೆ ಕೈಹಾಕಲೇಬಾರದು. ತೊಲೆಯನ್ನು ಕತ್ತರಿಸುವ ಮುನ್ನ ಒಡಲಿಗೆ ಆಧಾರಗಳನ್ನು ಕೊಡದಿದ್ದರೆ ಗಾಡಿ ಬಾಗಿ, ಬಾಗಿಲುಗಳು ಮತ್ತೆ ಕೂಡಲಾರವು. ಕಾದ ತೆಳು ತಗಡು ಹಿಗ್ಗಿ ಸೊಟ್ಟಗಾಗುವುದರಿಂದ, ಅಲ್ಲೊಂದು ಇಲ್ಲೊಂದು ಚುಕ್ಕೆಯಂತೆ ಬೆಸೆಯುತ್ತ, ನಡುನಡುವೆ ಆರಲು ಬಿಡುವುದು ಕ್ರಮ.

ತಿರುಪು, ಕೀಲು ಮುಂತಾದ ಬಿಡಿಭಾಗಗಳನ್ನು ಮನೆಯಲ್ಲಿಯೇ ಶುದ್ಧಿಮಾಡಬಹುದು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅವನ್ನು ಮುಳುಗಿಸಿ, ೧೨ ವೋಲ್ಟಿನ ಚಾರ್ಜರಿನ ಋಣ ತುದಿಯನ್ನು ಅವಕ್ಕೂ, ಧನ ತುದಿಯನ್ನು ಒಂದು ಗುಜರಿ ಕಬ್ಬಿಣದ ತುಂಡಿಗೂ ಜೋಡಿಸಬೇಕು. ತುಕ್ಕು ಸಡಿಲವಾಗಿ ಕಳಚುತ್ತದೆ. ಇಲ್ಲಿ ಹುಟ್ಟುವ ಜಲಜನಕ ಬೆಂಕಿ ತಗಲಿದರೆ ಸಿಡಿಯುವುದರಿಂದ ಈ ಕೆಲಸ ಬಯಲಿನಲ್ಲಿ ನಡೆಯಬೇಕು. ಧನ ತುದಿಗೆ ಸ್ಟೇನ್‌ಲೆಸ್ ಉಕ್ಕನ್ನು ಕಟ್ಟಬಾರದು; ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ.

ಒಡಲಿನ ಸೂಕ್ಷ್ಮರಂಧ್ರಗಳಲ್ಲಿ ಉಳಿದ ತೆಳು ತುಕ್ಕಿಗೆ ಫಾಸ್ಫರಿಕ್ ಆಮ್ಲವನ್ನು ಸವರಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಗಟ್ಟಿಯಾದ ಪೊರೆಯಾಗುತ್ತದೆ. ಸುಮಾರು ೧೬೦೦ ವರ್ಷಗಳಿಂದ ದಿಲ್ಲಿಯ ಕಬ್ಬಿಣದ ಕಂಬವನ್ನು ಕಾದಿರುವ ಪೊರೆಯ ರಚನೆಗೂ ಅದರ ಕಬ್ಬಿಣದಲ್ಲಿರುವ ರಂಜಕವೇ ಸಹಾಯಕ. ಇದರ ಮೇಲೆ ಸತುವಿನ ಪುಡಿ ಬೆರೆತ ಪ್ರೈಮರನ್ನು ಬಳಿಯಬೇಕಾದರೆ, ಆಮ್ಲದ ಶೇಷವನ್ನು ತೊಳೆದು ಒಣಗಿಸಿರಬೇಕು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ, ಗೀರು ಬಿದ್ದೆಡೆಯಲ್ಲಿಯೂ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಪುಟ್ಟಿ, ಬಣ್ಣಗಳ ಸರದಿ ಬರುವುದು ಆಮೇಲೆ. ಕಡೆಯಲ್ಲಿ ಪೊಳ್ಳುಗಳ ಒಳಗೆ ಮೇಣ ಬೆರೆತ ಎಣ್ಣೆಯನ್ನು ಸಿಂಪಡಿಸುವುದನ್ನು ಮರೆಯಬಾರದು. ಶತ್ರು ಹೊರಟದ್ದೇ ಅಲ್ಲಿಂದಲ್ಲವೆ?

ಖಾಸಗಿ ಕಾರಿನ ನೋಂದಣಿ ೧೫ ವರ್ಷಗಳವರೆಗೆ ಸಲ್ಲುತ್ತದೆ. ತರುವಾಯ ತಪಾಸಣೆಯಲ್ಲಿ ತೇರ್ಗಡೆಯಾದರೆ ಮಾತ್ರ ೫ ವರ್ಷಗಳಿಗೆ ನವೀಕರಣ ದೊರೆಯುತ್ತದೆ. ೫೦ ವರ್ಷ ಮೀರಿ, ಮೂಲರೂಪದಲ್ಲಿರುವ ವಾಹನಗಳಿಗೆ ೨೦೨೧ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಆದರೆ ಪುಟ್ಟಿಯಿಂದ ತುಂಬಿದ ತೊಲೆಗೆ ಕಾಗದದ ಯಾವ ಮುದ್ರೆಯೂ ಬಲವನ್ನು ಕೊಡಲಾರದು.

ಒಡಲಿನ ಕೆಳಗೆ ಸಿಕ್ಕಿಕೊಂಡ ಒಂದು ಹಿಡಿ ಎರೆಮಣ್ಣನ್ನು ಪ್ರತಿ ಮಳೆಗಾಲದ ಕೊನೆಗೆ ತೊಳೆದು ತೆಗೆಯುವುದಕ್ಕೆ ಒಂದು ಕೊಡ ನೀರೂ ಅರ್ಧ ತಾಸಿನ ಶ್ರಮವೂ ಸಾಕು. ಅದನ್ನು ಹತ್ತು ವರ್ಷ ಹಾಗೆಯೇ ಬಿಟ್ಟರೆ ಮಾತ್ರ ಕತ್ತರಿ, ಬೆಸುಗೆ, ಆಮ್ಲ, ಸತುವುಗಳೆಲ್ಲವೂ ಬೇಕಾಗುತ್ತವೆ.