ಕರೆಂಟ್ ಹೋದ್ರೂ ಫೋನ್ ರಿಂಗ್ ಆಗಬೇಕು

ನವೆಂಬರ್ ಬಂತು, ಭತ್ತದ ಕೊಯ್ಲು ಶುರುವಾಯ್ತು ಅಂದ್ರೆ ಸಿಂಧನೂರಿನ ರೈಸ್ ಮಿಲ್ ಆಫೀಸುಗಳಲ್ಲಿ ಫೋನ್ ಸುಮ್ಮನೆ ಕೂರಲ್ಲ. "ಸಾವ್ಕಾರ್ರೆ, ಇವತ್ತ ರೇಟ್ ಎಷ್ಟ್ ನಡದೈತ್ರಿ?" ಅಂತ ರೈತ ಕೇಳ್ತಾನೆ. ಲಾರಿ ಡ್ರೈವರ್ ದಾರಿ ಕೇಳ್ತಾನೆ. ಬೆಂಗಳೂರಿನ ವ್ಯಾಪಾರಿ ಸೋನಾ ಮಸೂರಿ ಲೋಡು ಕೇಳ್ತಾನೆ. ಲೈನ್ ಬಿಜಿ ಬಂದ್ರೆ ಇವರ‍್ಯಾರೂ ಕಾಯಲ್ಲ, ಪಕ್ಕದ ಮಿಲ್‌ಗೆ ಫೋನ್ ಹಚ್ತಾರೆ. ವ್ಯವಹಾರ ಅಲ್ಲಿಗೇ ಹೋಯ್ತು.

ಇಂಥ ಹೊತ್ತಿನಲ್ಲೇ ಒಬ್ಬ ಸೇಲ್ಸ್‌ಮನ್ ಬಂದು, "ಸರ್, ಹಳೇ ಲ್ಯಾಂಡ್‌ಲೈನ್ ತೆಗೀರಿ, ಇಂಟರ್ನೆಟ್ ಫೋನ್ ಹಾಕಿಸಿ, ಖರ್ಚು ಅರ್ಧ" ಅಂತಾನೆ. ಹಾಕಿಸಬೇಕಾ, ಬೇಡವಾ? ಬನ್ನಿ, ಬಿಡಿಸಿ ನೋಡೋಣ.

ಮೊದಲು ಖರ್ಚಿನ ಮಾತು. ಎಸ್‌ಟಿಡಿ ಕಾಲದಲ್ಲಿ ಸಿಂಧನೂರಿಗೆ 08535, ಲಿಂಗಸುಗೂರಿಗೆ 08537. ಪಕ್ಕದ ತಾಲ್ಲೂಕಿಗೆ ಮಾತಾಡಿದರೂ ಮೀಟರ್ ಓಡ್ತಿತ್ತು. ಆಗ ಇಂಟರ್ನೆಟ್ ಕರೆ ಬಂದಿದ್ರೆ ನಿಜವಾಗಿಯೂ ದುಡ್ಡು ಉಳೀತಿತ್ತು. ಇವತ್ತು ಸಾಮಾನ್ಯ ಮೊಬೈಲ್ ಪ್ಯಾಕ್‌ನಲ್ಲೇ ದೇಶದ ಒಳಗಿನ ಕರೆಗೆ ಮಿತಿ ಇಲ್ಲ. ಹಾಗಾಗಿ ಕರೆ ಅಗ್ಗ ಅನ್ನೋ ಒಂದೇ ಕಾರಣಕ್ಕೆ ಯಾರೂ ಬದಲಾಯಿಸಬೇಕಿಲ್ಲ.

ಹಾಗಾದ್ರೆ ಲಾಭ ಎಲ್ಲಿದೆ? ಒಂದು ಮಿಲ್ ಸಿಂಧನೂರಿನಲ್ಲಿ, ಅದೇ ಮನೆತನದ ಬೀಜ-ಗೊಬ್ಬರದ ಅಂಗಡಿ ಮಸ್ಕಿಯಲ್ಲಿ, ಇನ್ನೊಂದು ಲಿಂಗಸುಗೂರಿನಲ್ಲಿ ಇದೆ ಅಂತ ಇಟ್ಕೊಳ್ಳಿ. ಮೂರೂ ಊರು ಒಂದೇ 150ಎ ಹೆದ್ದಾರಿ ಮೇಲಿವೆ. ಇಂಟರ್ನೆಟ್ ಫೋನ್ ಹಾಕಿದ್ರೆ ಮೂರೂ ಕಡೆ ಒಂದೇ ನಂಬರ್. ಸಿಂಧನೂರಿನಲ್ಲಿ ಯಾರೂ ಎತ್ತದಿದ್ದರೆ ಮಸ್ಕಿಯಲ್ಲಿ ರಿಂಗ್ ಆಗುತ್ತೆ, ಅಲ್ಲೂ ಎತ್ತದಿದ್ದರೆ ಮಾಲೀಕರ ಮೊಬೈಲ್‌ಗೆ ಬರುತ್ತೆ. ಒಂದೇ ಸಲ ಐದು ಕರೆ ಬಂದರೂ ಬಿಜಿ ಟೋನ್ ಇಲ್ಲ. ಯಾರ ಕರೆ ತಪ್ಪಿತು ಅನ್ನೋ ಲೆಕ್ಕ ಸಂಜೆಗೆ ಕೈಯಲ್ಲಿರುತ್ತೆ. ಹಳೇ ವ್ಯವಸ್ಥೆಯಲ್ಲಿ ಇಂಥದಕ್ಕೆ ದೊಡ್ಡ ಆಫೀಸುಗಳು ಪಿಆರ್‌ಐ ಲೈನ್ ತಗೊಂಡು, ಒಂದು ಲೈನಿನಲ್ಲಿ 30 ಕರೆ ಓಡಿಸ್ತಿದ್ದವು. ಜೊತೆಗೆ ಇಪಿಎಬಿಎಕ್ಸ್ ಪೆಟ್ಟಿಗೆ ಬೇರೆ. ಸಣ್ಣ ಊರಿನ ಅಂಗಡಿಗೆ ಅದು ದೂರದ ಮಾತು.

ಈಗ ಇನ್ನೊಂದು ಮುಖ ನೋಡಿ. ಹಳೇ ತಾಮ್ರದ ತಂತಿಯ ಫೋನಿಗೆ ಕರೆಂಟ್ ಬರ್ತಿದ್ದದ್ದು ನಮ್ಮ ಮೀಟರ್ ಬೋರ್ಡಿನಿಂದಲ್ಲ, ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ, ಅದೇ ತಂತಿಯಲ್ಲಿ. ಅದಕ್ಕೇ ಊರಿಗೆ ಊರೇ ಕತ್ತಲಾದರೂ ಫೋನ್ ರಿಂಗ್ ಆಗ್ತಿತ್ತು. ಫೈಬರ್ ಕೇಬಲ್ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತೆ, ನಿಮ್ಮ ಫೋನ್ ನಡೆಸುವ ಕರೆಂಟ್ ಹೋಗಲ್ಲ. ನಿಮ್ಮ ಮೋಡೆಮ್ ಆರಿದ ಕ್ಷಣ ಫೋನೂ ಆರುತ್ತೆ. ಇನ್ನೊಂದು ವಿಷಯ ಗೊತ್ತಿರಲಿ, ಫೈಬರ್ ಜೊತೆ ಕೊಡುವ "ಲ್ಯಾಂಡ್‌ಲೈನ್" ಕೂಡ ಒಳಗೆ ಇಂಟರ್ನೆಟ್ ವಿಧಾನದಲ್ಲೇ ಓಡೋದು. 2016ರಲ್ಲಿ ಬಂದ ಜಿಯೋದ ಮೊಬೈಲ್ ಕರೆಯೂ ಅಷ್ಟೇ. ಹಳೇದು ಯಾವುದು, ಹೊಸದು ಯಾವುದು ಅನ್ನೋ ಗೆರೆ ಆಗಲೇ ಅಳಿಸಿ ಹೋಗಿದೆ.

ಎರಡನೇದು ಮಾತಿನ ಸ್ಪಷ್ಟತೆ. "ನಮ್ಮದು 100 ಎಂಬಿಪಿಎಸ್ ಲೈನ್" ಅಂತ ಸೇಲ್ಸ್‌ಮನ್ ಎದೆ ತಟ್ಟಿಕೊಳ್ತಾನೆ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಒಂದು ಕರೆಗೆ ಒಂದು ಎಂಬಿಪಿಎಸ್‌ನ ಹತ್ತನೇ ಒಂದು ಪಾಲೂ ಬೇಡ. ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಶಿಸ್ತು. ನಿಮ್ಮ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಚೂರು ಮಾಡಿ ಕಳಿಸ್ತಾರೆ. ಅವು ಸಾಲಾಗಿ, ಹೊತ್ತಿಗೆ ಸರಿಯಾಗಿ ತಲುಪಬೇಕು. ಅದೇ ಲೈನಿನಲ್ಲಿ ಯಾರೋ ಸಿನಿಮಾ ಡೌನ್‌ಲೋಡ್‌ಗೆ ಹಾಕಿದ್ರೆ ಚೂರುಗಳು ತಡ ಆಗ್ತವೆ, ಕೆಲವು ಕಳೆದೇ ಹೋಗ್ತವೆ. "ಎರಡು ಸಾವಿರದ ಇನ್ನೂರು" ಅಂದದ್ದೋ "ಮುನ್ನೂರು" ಅಂದದ್ದೋ? ಮೊದಲ ಅಕ್ಷರ ಕಳೆದ್ರೆ ಎರಡೂ "ನ್ನೂರು"! ಚೀಲಕ್ಕೆ 100 ರೂಪಾಯಿ ವ್ಯತ್ಯಾಸ, 200 ಚೀಲದ ಲೋಡಿಗೆ 20,000 ರೂಪಾಯಿ. ರೂಟರ್‌ನಲ್ಲಿ ಕರೆಗೆ ಮೊದಲ ಆದ್ಯತೆ ಹಾಕಿಸಿ ಅಂತ ಹೇಳೋದು ಇದಕ್ಕೇ.

ಮೂರನೇದು, ನಂಬರ್ ಯಾರದ್ದು? ಮೊಬೈಲ್ ನಂಬರನ್ನು ಇನ್ನೊಂದು ಕಂಪನಿಗೆ ಒಯ್ಯುವ ಹಕ್ಕು ದೇಶಕ್ಕೆಲ್ಲ 2011ರಲ್ಲಿ ಬಂತು. ಲ್ಯಾಂಡ್‌ಲೈನ್‌ಗೆ ಆ ಸೌಲಭ್ಯ ಇಲ್ಲ. ನಿಮ್ಮ ಅಕ್ಕಿ ಚೀಲದ ಮೇಲೆ, ಬೋರ್ಡಿನ ಮೇಲೆ ಅಚ್ಚಾದ ನಂಬರ್ ಬಿಟ್ಟುಕೊಟ್ಟರೆ ಹೋಯ್ತು. ಹಾಗಾಗಿ ಹೊಸದು ಬಂದ ದಿನವೇ ಹಳೇದನ್ನು ಕಟ್ ಮಾಡಿಸಬೇಡಿ. ಒಂದು ಸುಗ್ಗಿ ಎರಡೂ ನಡೀಲಿ.

ಹಾಗಂತ "ನಮಗೆ ವಾಟ್ಸಾಪ್ ಕರೆ ಸಾಕಲ್ಲ" ಅನ್ನೋರಿದ್ದಾರೆ. ಬಟನ್ ಫೋನ್ ಹಿಡಿದ ರೈತ ವಾಟ್ಸಾಪ್‌ನಿಂದ ಹೇಗೆ ಕರೀಬೇಕು? ಮಾರುವವನು ಅವನು, ಬಾಗಿಲು ಅವನಿಗೂ ತೆರೆದಿರಬೇಕು.

ಒಂದು ಹಳೇ ಸಂಗತಿ ನೆನಪಿಸ್ತೀನಿ. ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಹಳ್ಳಿಯಲ್ಲಿ ಬಿಸಿಲು, ಧೂಳು ಇರುತ್ತೆ, ಏಸಿ ಇರಲ್ಲ ಅಂತ ಮೊದಲೇ ಲೆಕ್ಕ ಹಾಕಿ, ಏಸಿ ಇಲ್ಲದೇ ಓಡುವ ಹಾಗೆ ಮಾಡಿದ್ರು. ಊರು ಹೇಗಿದೆಯೋ ಹಾಗೆ ಯಂತ್ರ. ನೀವೂ ಅದೇ ಲೆಕ್ಕ ಹಾಕಿ.

ಒಂದೇ ಅಂಗಡಿ, ಇಬ್ಬರೇ ಕೆಲಸದವರು ಇದ್ದರೆ ಈಗಿರುವ ಲೈನ್, ಜೊತೆಗೊಂದು ಮೊಬೈಲ್ ಸಾಕು. ಮೂರು ಊರಿನಲ್ಲಿ ವ್ಯವಹಾರ ಇದ್ದರೆ ಇಂಟರ್ನೆಟ್ ಫೋನ್ ಹಾಕಿಸಿ. ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತೆ? ಜೆಸಿಬಿ ಕೇಬಲ್ ಕಿತ್ತರೆ ಕರೆ ಯಾವ ಮೊಬೈಲ್‌ಗೆ ಹೋಗುತ್ತೆ? ನಂಬರ್ ಯಾರ ಹೆಸರಲ್ಲಿರುತ್ತೆ? ಕಂಪನಿಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಇದೆಯಾ? ಲೈಸೆನ್ಸ್ ಇಲ್ಲದೆ ಈ ಸೇವೆ ನಡೆಸುವವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲಿದೆ. ಅಂಥವರ ಲೈನ್ ಒಂದು ದಿನ ಬಂದ್ ಆದ್ರೆ ನಿಮ್ಮ ಗಿರಾಕಿಗೆ ನೀವು ಸಿಗಲ್ಲ.

ಈ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟವರಿಂದ ತಗೊಳ್ಳಿ. ತಗೊಂಡ ಮೇಲೆ ಸುಗ್ಗಿಗೆ ಒಂದು ತಿಂಗಳು ಮುಂಚೆ ಮೇನ್ ಸ್ವಿಚ್ ಆರಿಸಿ, ನಿಮ್ಮ ನಂಬರಿಗೆ ನೀವೇ ಒಂದು ಸಲ ಫೋನ್ ಹಚ್ಚಿ ನೋಡಿ. ರಿಂಗ್ ಆಯ್ತಾ? ಹಾಗಾದ್ರೆ ದುಡ್ಡು ಕೊಟ್ಟದ್ದು ಸಾರ್ಥಕ.