ಕೋಳಿಗೂ ಬೇಕು ಹೆರಿಗೆ ಕೋಣೆ

ಹೋದ ವರ್ಷ ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ. ನಮ್ಮ ಕೆಂಪು ಹೇಂಟೆ ಸೌದೆ ಕೊಟ್ಟಿಗೆಯ ಹಿಂದಿನಿಂದ 'ಕೊಕ್ಕೊಕ್ಕೋ' ಎಂದು ಊರಿಗೇ ಡಂಗುರ ಸಾರುತ್ತ ಹೊರಗೆ ಬಂತು. ಮೊಟ್ಟೆ ಇಟ್ಟಾಯಿತು ಎಂದು ಅದರ ಅರ್ಥ. ಒಲೆಯ ಮೇಲೆ ಗಂಜಿ ಇತ್ತು. ಅವಸರದಲ್ಲಿ ಸೌದೆ ರಾಶಿಯ ಸಂದಿಗೆ ಕೈ ಹಾಕಲು ಬಗ್ಗಿದೆ. "ಅಲ್ಲಿ ಎಂತದೋ ಅಲುಗಿತು, ಕೈ ತೆಗೆ ಮಾರಾಯ್ತಿ!" ಎಂದು ಅತ್ತೆ ಕೂಗಿದರು. ನೋಡಿದರೆ ನಾಗರಹಾವು! ಅದೂ ಮೊಟ್ಟೆಗೇ ಬಂದದ್ದು. ಆ ದಿನ ನನಗೆ ಗಂಜಿ ಗಂಟಲಿಗೆ ಇಳಿಯಲಿಲ್ಲ.

ನಮ್ಮ ಕಕ್ಕಿಂಜೆ ಚಾರ್ಮಾಡಿ ಘಾಟಿಯ ಬುಡದ ಊರು. ಮನೆಯ ಸುತ್ತ ಅಡಿಕೆ ತೋಟ, ಅದರಾಚೆ ಕಾಡು. ಬಿಟ್ಟು ಸಾಕಿದ ಕೋಳಿ ಹಾಳೆ ರಾಶಿಯಲ್ಲಿ, ಬೈಹುಲ್ಲಿನ ಎಡೆಯಲ್ಲಿ, ಬೇಲಿಯ ಬುಡದಲ್ಲಿ ಎಲ್ಲಿ ಬೇಕಾದರೂ ಮೊಟ್ಟೆ ಇಡುತ್ತದೆ. ಅದರಲ್ಲಿ ಕಾಗೆಗೊಂದು ಪಾಲು, ಉಡಕ್ಕೊಂದು ಪಾಲು, ಮುಂಗುಸಿಗೊಂದು ಪಾಲು. ಉಳಿದದ್ದು ನಮಗೆ. ನಮ್ಮಲ್ಲಿ ಎಂಟು ಹೇಂಟೆಗಳಿದ್ದರೂ ಕೈಗೆ ಸಿಗುತ್ತಿದ್ದದ್ದು ದಿನಕ್ಕೆ ಎರಡೇ ಮೊಟ್ಟೆ. "ಕಳ್ಳ ಕೋಳಿಗಳು" ಎಂದು ನಾನು ಬಯ್ಯುತ್ತಿದ್ದೆ.

ಆದರೆ ಯೋಚಿಸಿ ನೋಡಿ ಸೋದರಿಯರೇ, ಕೋಳಿಯದ್ದು ತಪ್ಪೇ? ಮೊಟ್ಟೆ ಇಡುವಾಗ ಅದಕ್ಕೆ ಬೇಕಾದದ್ದು ಮೂರೇ: ಸ್ವಲ್ಪ ಕತ್ತಲು, ಸ್ವಲ್ಪ ಮರೆ, ಕೆಳಗೆ ಮೆತ್ತನೆ ಹಾಸು. ನಾವು ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ. ನಾವು ಕೊಟ್ಟರೆ ಅಲ್ಲಿಗೇ ಬರುತ್ತದೆ. ಹೀಗೆಂದು ನಾನೂ ನಮ್ಮವರೂ ಒಂದು ಭಾನುವಾರ ಕೂತು ಮೂರು ಕೋಣೆಯ ಪೆಟ್ಟಿಗೆ ಮಾಡಿದೆವು. ಖರ್ಚಾದದ್ದು ಮೊಳೆಯ ದುಡ್ಡು ಮಾತ್ರ.

ಬೇಕಾಗುವ ಸಾಮಾನು

ಅಡಿಕೆ ಮರದ ಸಲಾಕೆ ಅಥವಾ ಹಳೆಯ ಹಣ್ಣಿನ ಪೆಟ್ಟಿಗೆಯ ಹಲಗೆ, ನಾಲ್ಕಾರು ಒಣ ಅಡಿಕೆ ಹಾಳೆ, ಒಂದು ಗೋಣಿ ಚೀಲ, ಮೊಳೆ, ಸುತ್ತಿಗೆ, ಗರಗಸ.

ಮಾಡುವ ವಿಧಾನ

ಉದ್ದ 3 ಅಡಿ, ಆಳ 1 ಅಡಿ, ಮುಂಭಾಗದ ಎತ್ತರ 14 ಅಂಗುಲ ಬರುವಂತೆ ಪೆಟ್ಟಿಗೆ ಕಟ್ಟಿ. ನಡುವೆ ಎರಡು ಅಡ್ಡಗೋಡೆ ಹಾಕಿದರೆ ಒಂದೊಂದು ಅಡಿಯ ಮೂರು ಕೋಣೆ ಆಯಿತು. ನಾಲ್ಕೈದು ಹೇಂಟೆಗೆ ಒಂದು ಕೋಣೆ ಸಾಕು. ಎಷ್ಟು ಕೋಣೆ ಇದ್ದರೂ ಎಲ್ಲಕ್ಕೂ ಒಂದೇ ಬೇಕು, ಅದು ಬೇರೆ ಮಾತು! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ಗಿರಿರಾಜದಂಥ ದೊಡ್ಡ ಮೈಯ ಕೋಳಿ ನಿಮ್ಮಲ್ಲಿದ್ದರೆ ಅಗಲ, ಆಳ ಎರಡನ್ನೂ 14 ಅಂಗುಲ ಮಾಡಿ.

ಮುಂದೆ ಕೆಳಗಡೆ 4 ಅಂಗುಲದ ಅಡ್ಡಪಟ್ಟಿ ಹೊಡೆಯಿರಿ. ಇಲ್ಲದಿದ್ದರೆ ಹಾಸೂ ಮೊಟ್ಟೆಯೂ ಹೊರಗೆ ಉರುಳುತ್ತವೆ. ಮಾಡು ಹಿಂದಿನಿಂದ ಮುಂದಕ್ಕೆ ಚೆನ್ನಾಗಿ ಇಳಿಜಾರಾಗಿರಲಿ. ಮಟ್ಟಸವಾದರೆ ರಾತ್ರಿ ಕೋಳಿಗಳು ಅದರ ಮೇಲೆ ಕೂತು ಗಲೀಜು ಮಾಡುತ್ತವೆ. ಒಳಗೆ ಗೋಡೆಗೂ ತಳಕ್ಕೂ ಹಾಳೆ ಹಾಸಿ. ಅದರ ಮೇಲೆ ಬೈಹುಲ್ಲೋ ಮರದ ಹೊಟ್ಟೋ ಮೂರು ಅಂಗುಲ ದಪ್ಪ ಹಾಕಿ. ಗೋಣಿಯನ್ನು ಬಾಗಿಲ ಅರ್ಧಕ್ಕೆ ಇಳಿಬಿಟ್ಟರೆ ಮರೆ ಸಿದ್ಧ. ಚೂಪಾದ ಮೊಳೆ ತುದಿ ಒಳಗೆ ಉಳಿಯದಂತೆ ಕೈಯಾಡಿಸಿ ನೋಡಿ.

ಇಷ್ಟಕ್ಕೂ ಪುರುಸೊತ್ತಿಲ್ಲವೇ? 15 ಕಿಲೋ ಎಣ್ಣೆಯ ಡಬ್ಬದ ಒಂದು ತುದಿ ಕತ್ತರಿಸಿ, ಅಂಚನ್ನು ಒಳಕ್ಕೆ ಬಡಿದು ಮಡಿಸಿ, ಮಲಗಿಸಿ ಕಟ್ಟಿ. ಸಣ್ಣ ಮೈಯ ನಾಟಿಕೋಳಿಗೆ ಅದು ಸಾಕು. ಬಿಸಿಲಿಗೆ ಕಾಯದ ಕಡೆ ಮಾತ್ರ ಇಡಿ.

ಎಲ್ಲಿ ಇಡಬೇಕು?

ಗೂಡಿನೊಳಗೆ ಕತ್ತಲಿರುವ ಮೂಲೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ. ನೆಲದ ಮೇಲೆ ಇಟ್ಟರೆ ಏನಾಗುತ್ತದೆ ಎಂದು 2019ರ ಆಗಸ್ಟಿನಲ್ಲಿ ಕಂಡಿದ್ದೇವೆ. ಘಾಟಿ ರಸ್ತೆ ಕುಸಿದು ಬಂದಾದ ಆ ಮಳೆಯಲ್ಲಿ ನಮ್ಮ ಹಳೆಯ ಕುಕ್ಕೆಗಳೆಲ್ಲ ನೆಂದು ಮುದ್ದೆಯಾಗಿದ್ದವು. ಕೋಳಿ ಮಲಗುವ ಅಡ್ಡಕೋಲು ಮಾತ್ರ ಪೆಟ್ಟಿಗೆಗಿಂತ ಮೇಲಿರಲಿ. ಕೋಳಿಗೆ ಎತ್ತರದಲ್ಲಿ ಮಲಗುವುದೇ ಇಷ್ಟ. ಪೆಟ್ಟಿಗೆ ಮೇಲಾದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬಲೆ ಹೊಡೆದರೆ ಹಾವು, ಮುಂಗುಸಿಯ ಕಾಟ ಬಹಳ ಕಡಿಮೆ.

ರೂಢಿ ಮಾಡುವುದು ಹೇಗೆ?

ಮೊದಲ ವಾರ ಒಂದು ಕೋಳಿಯೂ ಒಳಗೆ ಇಣುಕಲಿಲ್ಲ. "ನಿನ್ನ ಬಂಗಲೆ ಅವುಗಳಿಗೆ ಬೇಡವಂತೆ" ಎಂದು ನಮ್ಮವರು ನಕ್ಕರು. ಆಗ ಅತ್ತೆ ಮೃತ್ಯುಂಜಯ ಹೊಳೆಯಿಂದ ಮೊಟ್ಟೆಯಷ್ಟೇ ದೊಡ್ಡ ಮೂರು ಬಿಳಿ ಕಲ್ಲು ತರಿಸಿ ಕೋಣೆಗೊಂದರಂತೆ ಇಟ್ಟರು. ಬೇರೆ ಕೋಳಿ ಇಲ್ಲಿ ಇಟ್ಟಿದೆ, ಜಾಗ ಒಳ್ಳೆಯದು ಎಂದು ಕೋಳಿ ನಂಬುತ್ತದೆ. ಜತೆಗೆ, ಹೆಚ್ಚಿನ ಕೋಳಿಗಳು ಮಧ್ಯಾಹ್ನದೊಳಗೆ ಇಡುವುದರಿಂದ ಹತ್ತು ಗಂಟೆಯವರೆಗೆ ಗೂಡಿನ ಬಾಗಿಲು ತೆರೆಯಲಿಲ್ಲ. ಒಳಗೆ ನೀರು, ಕಾಳು ಇಟ್ಟಿದ್ದೆವು. ಹತ್ತನೆಯ ದಿನ ಕೆಂಪು ಹೇಂಟೆಯೇ ಮೊದಲು ಹತ್ತಿತು!

ನೆನಪಿಡಿ

ಮೊಟ್ಟೆಯನ್ನು ದಿನಾ ತೆಗೆಯಿರಿ. ಉಳಿದರೆ ಒಡೆಯುತ್ತದೆ, ಒಮ್ಮೆ ರುಚಿ ಹತ್ತಿದ ಕೋಳಿ ತಾನೇ ಕುಕ್ಕಿ ತಿನ್ನುತ್ತದೆ. ಚಿಪ್ಪು ತೆಳ್ಳಗಾದರೆ ಮರುವಾಯಿ ಚಿಪ್ಪನ್ನು ಪುಡಿ ಮಾಡಿ ಬೇರೆ ತಟ್ಟೆಯಲ್ಲಿಡಿ. ಇಟ್ಟುಕೊಳ್ಳುವ ಮೊಟ್ಟೆಯನ್ನು ತೊಳೆಯಬೇಡಿ, ಅದರ ಮೇಲಿನ ತೆಳು ಪೊರೆಯೇ ಅದಕ್ಕೆ ಕಾವಲು. ಹಾಸು ಒದ್ದೆಯಾದ ದಿನವೇ ಬದಲಿಸಿ. ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಹೊಸ ಹಾಳೆ ಹಾಕಿ. ಹೇನಿಗೆ ಅತ್ತೆಯ ಮದ್ದು ಹಾಸಿನಡಿ ಒಂದು ಹಿಡಿ ನೆಕ್ಕಿ ಸೊಪ್ಪು. ಕಾವಿಗೆ ಕೂತ ಕೋಳಿಗೆ ಬೇರೆ ಕುಕ್ಕೆ ಕೊಡಿ. ಇಲ್ಲವಾದರೆ 21 ದಿನ ಆ ಕೋಣೆ ಉಳಿದವಕ್ಕೆ ಸಿಗದು.

ಈಗ ಅದೇ ಎಂಟು ಹೇಂಟೆಗಳಿಂದ ಹೆಚ್ಚಿನ ದಿನ ನಾಲ್ಕು ಮೊಟ್ಟೆ ಸಿಗುತ್ತದೆ. ಎರಡು ಮನೆಯ ಮಕ್ಕಳಿಗೆ, ಎರಡು ಅಂಗಡಿಗೆ. ಆ ದುಡ್ಡು ಒಗ್ಗರಣೆ ಡಬ್ಬದ ಹಿಂದಿನ ನನ್ನ ಕರಡಿಗೆಗೆ. ಮಗಳ ನೋಟು ಪುಸ್ತಕಕ್ಕೆ ಈಗ ನಾನು ಯಾರನ್ನೂ ಕೇಳುವುದಿಲ್ಲ.

ನೀವೂ ಈ ಭಾನುವಾರ ಒಂದು ಪೆಟ್ಟಿಗೆ ಮಾಡಿ ನೋಡಿ. ಅಲ್ಲಿಯವರೆಗೆ ಸೌದೆ ಸಂದಿಗೆ ಬರಿಗೈ ಹಾಕಬೇಡಿ. ಕೋಲು, ಟಾರ್ಚು ಹಿಡಿದೇ ಹೋಗಿ. ದೇವರು ತಪ್ಪಿಸಲಿ, ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೇ ಹೋಗಿ. ಮೊಟ್ಟೆ ನಾಳೆಯೂ ಸಿಗುತ್ತದೆ, ಕೈ ಸಿಗುವುದಿಲ್ಲ.