ನಕ್ಷತ್ರಗಳ ನಡುವಣ ಧೂಳು

ಬೆಳಕಿಂಡಿಯಿಂದ ಬಿಸಿಲಕೋಲು ಮನೆಯೊಳಗೆ ಬಿದ್ದಾಗ, ಅದುವರೆಗೆ ಕಾಣದಿದ್ದ ಧೂಳಿನ ಕಣಗಳು ಅದರಲ್ಲಿ ಕುಣಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಧೂಳು ಮೊದಲೂ ಇತ್ತು. ಅದನ್ನು ತೋರಿಸಿಕೊಡಲು ಬೆಳಕು ಬೇಕಾಯಿತು. ನಕ್ಷತ್ರಗಳ ನಡುವಣ ಬಯಲಿನ ಕಥೆಯೂ ಹೀಗೆಯೇ. ಅಲ್ಲಿ ಅತಿ ವಿರಳವಾದ ಅನಿಲವಿದೆ. ಸರಾಸರಿ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣುವಿನಷ್ಟು. ಅದರೊಡನೆ, ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು, ಹೊಗೆಯಂತೆ ನುಣ್ಣನೆಯ ಧೂಳೂ ಇದೆ.

ಅನಿಲದ ಸುಳಿವು ಮೊದಲು ದೊರೆತದ್ದು 1904ರಲ್ಲಿ. ಜರ್ಮನಿಯ ಹಾರ್ಟ್‌ಮನ್ ಎಂಬ ವಿಜ್ಞಾನಿ ಮಹಾವ್ಯಾಧ ನಕ್ಷತ್ರಪುಂಜದ ಒಂದು ಜೋಡಿತಾರೆಯ ವರ್ಣಪಟಲವನ್ನು ಪರೀಕ್ಷಿಸುತ್ತಿದ್ದರು. ತಾರೆಗಳು ಸುತ್ತಿದಂತೆ ಅದರ ಗೆರೆಗಳು ಅತ್ತಿತ್ತ ಸರಿಯುತ್ತಿದ್ದವು. ಕ್ಯಾಲ್ಸಿಯಮ್ಮಿನ ಗೆರೆ ಮಾತ್ರ ಅವುಗಳೊಡನೆ ಓಲಾಡಲಿಲ್ಲ. ಆ ಕ್ಯಾಲ್ಸಿಯಂ ತಾರೆಯಲ್ಲಿರಲಿಲ್ಲ, ದಾರಿಯಲ್ಲಿತ್ತು.

ಆದರೆ ಮುಂದೆ ಒಂದು ತೊಡಕು ಎದುರಾಯಿತು. 1972ರಲ್ಲಿ ಹಾರಿದ ಕೋಪರ್ನಿಕಸ್ ಉಪಗ್ರಹ ನೇರಳಾತೀತ ಬೆಳಕಿನಲ್ಲಿ ನೋಡಿದಾಗ, ಸೂರ್ಯನಲ್ಲಿರುವ ಪ್ರಮಾಣಕ್ಕೆ ಹೋಲಿಸಿದರೆ ಅನಿಲದಲ್ಲಿ ಕಬ್ಬಿಣ ಬಹಳ ಕಡಮೆಯೆಂದು ಕಂಡಿತು. ಸಿಲಿಕಾನೂ ಲೆಕ್ಕಕ್ಕೆ ಸಾಲದು. ಉಳಿದದ್ದೆಲ್ಲ ಧೂಳಿನಲ್ಲಿ ಅಡಗಿರಬೇಕೆಂದು ಊಹಿಸಿದರು. ಆದರೆ ಕಣದೊಳಗೆ ಹೊಕ್ಕು ನೋಡುವುದು ಹೇಗೆ?

ಅದಕ್ಕೆ ನೆರವಾದದ್ದು ಕ್ಷ-ಕಿರಣ. ವೈದ್ಯರು ತೆಗೆಯುವ ಚಿತ್ರದಲ್ಲಿ ಮಾಂಸವನ್ನು ದಾಟಿ ಮೂಳೆಯನ್ನು ತೋರಿಸುವ ಈ ಕಿರಣ, ಧೂಳಿನ ಕಣವನ್ನೂ ಹಾದುಹೋಗುತ್ತದೆ. ಪರಮಾಣುವಿನ ಒಳಗಿನ ಎಲೆಕ್ಟ್ರಾನನ್ನು ಕಿತ್ತೊಗೆಯಲು ಪ್ರತಿಯೊಂದು ಮೂಲವಸ್ತುವಿಗೂ ಇಷ್ಟೇ ಎಂಬ ಶಕ್ತಿ ಬೇಕು. ವರ್ಣಪಟಲದಲ್ಲಿ ಆ ಶಕ್ತಿಯ ಎಡೆ ಬಂದೊಡನೆ ಬೆಳಕು ಮೆಟ್ಟಿಲಿಳಿದಂತೆ ಕುಗ್ಗುತ್ತದೆ. ಆಮ್ಲಜನಕದ ಮೆಟ್ಟಿಲು ಸುಮಾರು 23 ಆಂಗ್‌ಸ್ಟ್ರಾಂ ಅಲೆಯುದ್ದದಲ್ಲಿ; ಕಬ್ಬಿಣದ್ದೊಂದು 17.5ರಲ್ಲಿ, ಸಿಲಿಕಾನಿನದು 6.7ರಲ್ಲಿ. ಇನ್ನೂ ಒಂದು ವಿಶೇಷವಿದೆ. ಒಂಟಿ ಪರಮಾಣುವಿನ ಮೆಟ್ಟಿಲು ಒಂದು ಬಗೆಯದಾದರೆ, ಕಲ್ಲಿನೊಳಗೆ ನೆರೆಯ ಪರಮಾಣುಗಳೊಡನೆ ಬೆಸೆದುಕೊಂಡದ್ದರ ಮೆಟ್ಟಿಲಿನ ಅಂಚಿನಲ್ಲಿ ಬೇರೆಯೇ ನಿರಿಗೆಗಳಿರುತ್ತವೆ. ಹೀಗೆ ಒಂದೇ ಕಿರಣದಲ್ಲಿ ಅನಿಲದ ಲೆಕ್ಕವೂ ಧೂಳಿನ ಲೆಕ್ಕವೂ ದೊರೆಯುತ್ತವೆ.

ಭೂಮಿಯ ವಾಯುಮಂಡಲ ಕ್ಷ-ಕಿರಣವನ್ನು ಕೆಳಕ್ಕೆ ಬಿಡದು. 1962ರ ಜೂನ್‌ನಲ್ಲಿ ರಾಕೆಟ್ಟೊಂದು ಮೇಲೇರಿದಾಗಲೇ ವೃಶ್ಚಿಕ ರಾಶಿಯ ಪ್ರಖರವಾದ ಕ್ಷ-ಕಿರಣ ತಾರೆ ಗೊತ್ತಾದದ್ದು. 1999ರಲ್ಲಿ ಎರಡು ವೀಕ್ಷಣಾಲಯಗಳು ಆಕಾಶಕ್ಕೇರಿದವು: ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತ ಅಮೆರಿಕದ 'ಚಂದ್ರ' ಮತ್ತು ಯೂರೋಪಿನ 'ಎಕ್ಸ್‌ಎಂಎಂ-ನ್ಯೂಟನ್'. ಇಂಥ ಪ್ರಖರ ತಾರೆಗಳೇ ಇವುಗಳಿಗೆ ದೀಪ. ನಡುವಣ ಧೂಳು ಆ ದೀಪದ ಬೆಳಕಿನಲ್ಲಿ ಬಿಟ್ಟ ಗುರುತನ್ನು, ಪ್ರಯೋಗಶಾಲೆಯಲ್ಲಿ ಅಳೆದ ಖನಿಜಗಳ ಗುರುತಿನೊಡನೆ ಹೋಲಿಸುತ್ತಾರೆ. ಸಿಲಿಕಾನಿನ ಹೆಚ್ಚು ಪಾಲು ಸಿಲಿಕೇಟಿನಲ್ಲಿ, ಎಂದರೆ ಕಲ್ಲಿನ ಜಾತಿಯ ಕಣಗಳಲ್ಲಿ ಇದೆಯೆಂದು ಹೀಗೆ ಕಂಡುಬಂದಿದೆ. ಕಬ್ಬಿಣ ಯಾವ ಯಾವ ರೂಪದಲ್ಲಿ ಅಡಗಿದೆಯೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇದು ದೂರದ ಮಾತೆಂದು ತೋರಬಹುದು. ಆದರೆ ಸುಮಾರು 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನೂ ಭೂಮಿಯೂ ಇಂಥದೇ ಅನಿಲ, ಧೂಳುಗಳ ಮೋಡದಿಂದ ಹುಟ್ಟಿದವು. ಅಡಿಗೆಮನೆಯ ಕಾವಲಿಯ ಕಬ್ಬಿಣ, ಒರಳಿನ ಕಲ್ಲು, ಎರಡೂ ಒಮ್ಮೆ ಆ ಬಯಲಿನಲ್ಲಿ ತೇಲುತ್ತಿದ್ದ ಧೂಳೇ.